ಎರಡು ಚೀಲ ‘ದಲ್ಲಾಳಿ ದಾನಾ’: ಟೊಮೆಟೊ ಕ್ರೇಟ್ ಮಾಡುವವನ ವಿಮರ್ಶೆ

ಹೋದ ವರ್ಷ ಜೂನ್‌ನಲ್ಲಿ ಒಂದು ದಿನ ಬೆಳಗ್ಗೆ ಆರಕ್ಕೆಲ್ಲ ಕೋಲಾರದ ಎಪಿಎಂಸಿ ಯಾರ್ಡಿನಿಂದ ಫೋನ್ ಬಂತು. ಮಂಡಿ ಸಾಹುಕಾರರು. “ಏನಪ್ಪಾ, ನಿನ್ ಕ್ರೇಟು ಈರುಳ್ಳಿ ಸಿಪ್ಪೆ ಬಿಟ್ಟಂಗೆ ಬಿಡ್ತಾ ಐತೆ, ಒಂದ್ಸಲ ಬಂದು ನೋಡ್ಕೊಂಡು ಹೋಗು” ಅಂದರು. ಹೋದೆ. ನಿಜ. ಮೂಲೆ ಒಡೆದ ಕ್ರೇಟಿನ ಬಿರುಕಿಗೆ ಉಗುರು ಹಾಕಿ ಎಳೆದರೆ ಪದರ ಪದರವಾಗಿ ಎದ್ದು ಬರುತ್ತಿತ್ತು. ಒಡೆದ ಜಾಗ ಸೌದೆ ಸೀಳಿದ ಹಾಗೆ ನಾರು ನಾರು. 300 ಕ್ರೇಟ್ ಕೊಟ್ಟಿದ್ದೆ, ಮೂರೇ ವಾರಕ್ಕೆ 40ಕ್ಕೂ ಹೆಚ್ಚು ಮೂಲೆ ಬಿಟ್ಟಿದ್ದವು. ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಒಂದು ಲೋಟ ಟೀ ಕೊಟ್ಟು, ಉಳಿದ ದುಡ್ಡು ಆಮೇಲೆ ನೋಡೋಣ ಅಂದರು.

ನನ್ನದು ಟಮಕದ ಕಡೆ ಒಂದು ಸಣ್ಣ ಶೆಡ್ಡು. ಒಂದು ಗ್ರೈಂಡರ್, ಒಂದು ತೊಳೆಯುವ ತೊಟ್ಟಿ, ಸಿಂಗಲ್ ಸ್ಕ್ರೂ ಇರುವ ದಾನಾ ಮಿಷನ್ (ದಾನಾ ಅಂದರೆ ಪ್ಲಾಸ್ಟಿಕ್ಕಿನ ಕಾಳು), ಕರಗಿದ ಮಾಲನ್ನು ಅಚ್ಚಿಗೆ ನುಗ್ಗಿಸುವ, ಸೆಕೆಂಡ್ ಹ್ಯಾಂಡಲ್ಲಿ ತಂದ 450 ಟನ್ನಿನ ಇಂಜೆಕ್ಷನ್ ಮಿಷನ್. ಒಡೆದ ಕ್ರೇಟ್ ತೂಕಕ್ಕೆ ಕೊಳ್ಳುತ್ತೇನೆ, ಪುಡಿ ಮಾಡಿ, ದಾನಾ ಎಳೆದು, ಮತ್ತೆ ಕ್ರೇಟ್ ಹೊಡೆಯುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕ್ರೇಟಿಗೇನು ಬರ. ಇಲ್ಲಿಯ ಟೊಮೆಟೊ ಯಾರ್ಡು ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು, ವ್ಯಾಪಾರ ನಡೆಯುವುದೇ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಆ ಒಂದು ಬಾಕ್ಸು 2,000 ರೂಪಾಯಿ ದಾಟಿದಾಗ ನಮ್ಮೂರಲ್ಲಿ ಖಾಲಿ ಕ್ರೇಟನ್ನೂ ಮನೆಯೊಳಗಿಟ್ಟು ಮಲಗಿದವರನ್ನು ಕಂಡಿದ್ದೇನೆ.

ಈಗ ವಿಷಯಕ್ಕೆ. ಕ್ರೇಟ್ ಪದರ ಬಿಡುವುದಕ್ಕೆ ಕಾರಣ ನನಗೆ ಅರ್ಧ ಗೊತ್ತಿತ್ತು. ಮೊದಲೆಲ್ಲ ನನಗೆ ಬರುತ್ತಿದ್ದದ್ದು ಬರೀ ಎಚ್‌ಡಿ ಅನ್ನುವ ಪ್ಲಾಸ್ಟಿಕ್ಕಿನ ಕ್ರೇಟು. ಈಚೆಗೆ ಗುಜರಿಯವರು ತರುವ ಮಾಲಲ್ಲಿ ಪಿಪಿ ಅನ್ನುವ ಇನ್ನೊಂದು ಜಾತಿ ಪ್ಲಾಸ್ಟಿಕ್ಕಿನ ಕ್ರೇಟೂ ಸೇರಿಕೊಂಡಿರುತ್ತದೆ. ಅದರ ಜೊತೆಗೆ ಟೊಮೆಟೊ ಗಿಡ ಕಟ್ಟುವ ಸುತ್ಲಿ, ಅದೂ ಪಿಪಿಯೇ. ಬಣ್ಣ ಒಂದೇ, ಅಳತೆ ಒಂದೇ, ಪುಡಿ ಆದಮೇಲಂತೂ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಕೆಲವು ಕ್ರೇಟಿನ ತಳದಲ್ಲಿ ತ್ರಿಕೋನದೊಳಗೆ 2 ಅಂತಲೋ 5 ಅಂತಲೋ ಅಚ್ಚು ಇರುತ್ತದೆ. 2 ಅಂದರೆ ಎಚ್‌ಡಿ, 5 ಅಂದರೆ ಪಿಪಿ. ಅಚ್ಚೇ ಇಲ್ಲದವು ಅರ್ಧಕ್ಕರ್ಧ. ತೊಟ್ಟಿಗೆ ಹಾಕಿ ಬೇರೆ ಮಾಡೋಣ ಅಂದರೆ ಎರಡೂ ನೀರಲ್ಲಿ ತೇಲುವ ಜಾತಿ.

ಇಂಥ ಬೆರಕೆ ಮಾಲಿಗೆ ಅಂತಲೇ ‘ಕಂಪ್ಯಾಟಿಬಿಲೈಸರ್’ ಅನ್ನುವ ದಾನಾ ಸಿಗುತ್ತದೆ. ಒಂದಕ್ಕೊಂದು ಸೇರದ ಎರಡು ಪ್ಲಾಸ್ಟಿಕ್ಕನ್ನು ಒಂದೇ ಕಡೆ ಬಾಳಿಸುವ ವಸ್ತು. ನಮ್ಮ ಮಿಷನ್ ಹುಡುಗನಿಗೆ ಆ ಹೆಸರು ಬಾಯಿಗೆ ಹೊರಳಲಿಲ್ಲ. ಅದು ಮಾಡುವ ಕೆಲಸ ಏನು ಅಂತ ನಾನು ವಿವರಿಸಿದ ಮೇಲೆ, “ಹಂಗಂದ್ರೆ ದಲ್ಲಾಳಿ ಅನ್ನಿ ಅಣ್ಣಾ” ಅಂದ. ಅವತ್ತಿನಿಂದ ನಮ್ಮ ಶೆಡ್ಡಲ್ಲಿ ಅದು ದಲ್ಲಾಳಿ ದಾನಾ. ಹತ್ತು ತಿಂಗಳಲ್ಲಿ ಇಂಥ ಎರಡು ಬಗೆ ಚೀಲ ತಂದೆ. ಅವೆರಡರ ವಿಮರ್ಶೆ ಇದು. ಮಾರಿದವರ ಹೆಸರು ಹಾಕುವುದಿಲ್ಲ. ಒಬ್ಬರನ್ನು ಹೆಸರಿಲ್ಲದೆ ಬೈದು ಇನ್ನೊಬ್ಬರನ್ನು ಹೆಸರು ಹಿಡಿದು ಹೊಗಳಿದರೆ ಜಾಹೀರಾತಾಗುತ್ತದೆ, ಹಾಗಾಗಿ ಇಬ್ಬರದೂ ಬೇಡ.

ಮೊದಲನೇ ಚೀಲ ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ ತಂದದ್ದು. 25 ಕೆಜಿ, ಕೆಜಿಗೆ 240 ರೂಪಾಯಿ, ಜಿಎಸ್‌ಟಿ ಬೇರೆ. ಕ್ರೇಟ್, ಎಚ್‌ಡಿ, ಪಿಪಿ ಎಲ್ಲ ಹೇಳಿದೆ. ಆತ ಕೇಳಿಸಿಕೊಂಡನೋ ಇಲ್ಲವೋ, “ಯಾವ್ದಕ್ ಬೇಕಾದ್ರೂ ಹಾಕಿ ಅಣ್ಣಾ, ಹಿಡ್ಕೊಳ್ತದೆ. ನೂರಕ್ಕೆ ಮೂರು ಸಾಕು” ಅಂದ. ಚೀಲದ ಮೇಲೆ ಲಾಟ್ ನಂಬರ್ ಬಿಟ್ಟರೆ ಒಂದಕ್ಷರ ಇಲ್ಲ. ಮಾಲು ಏನು ಅಂತ ಬರೆದಿರುವ ಡೇಟಾ ಶೀಟ್ ಕೇಳಿದರೆ ವಾಟ್ಸಾಪ್ ಮಾಡ್ತೀನಿ ಅಂದ.

ಮೊದಲ ಸಲ 100 ಕೆಜಿ ಮಾಲಿಗೆ 3 ಕೆಜಿ ಹಾಕಿದೆ. ಮಾಲು ಕರಗಿಸುವ ಬ್ಯಾರಲ್ಲಿನಿಂದ ಕಣ್ಣುರಿಯುವಂಥ ಘಾಟು ಬಂತು, ಹುಡುಗ ಮೂಗಿಗೆ ಟವಲ್ ಕಟ್ಟಿಕೊಂಡ. ದಾನಾ ಚೆನ್ನಾಗೇ ಬಂತು, ಹೊಳಪೂ ಇತ್ತು. ಕ್ರೇಟ್ ಹೊಡೆದು, ಒಳಗೆ 15 ಕೆಜಿ ಮರಳು ತುಂಬಿ, ಭುಜದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿಟ್ಟೆ. ಇದೇ ನನ್ನ ಲ್ಯಾಬು. ಹತ್ತು ಕ್ರೇಟಲ್ಲಿ ಏಳು ಒಡೆದವು. ಏನೂ ಹಾಕದೆ ಹೊಡೆದಾಗಲೂ ಏಳೇ ಒಡೆದಿದ್ದವು. ಮಾರನೇ ವಾರ 4 ಕೆಜಿ ಹಾಕಿದೆ. ಆರು ಒಡೆದವು. ಅದರ ಮುಂದಿನ ವಾರ 5 ಕೆಜಿ. ಮತ್ತೆ ಏಳು. ಹನ್ನೆರಡು ಕೆಜಿ ದಾನಾ, ಅಂದರೆ ಹೆಚ್ಚುಕಮ್ಮಿ ಮೂರು ಸಾವಿರ ರೂಪಾಯಿ, ನೆಲದ ಮೇಲೆ ಚೂರಾಗಿ ಬಿದ್ದಿತ್ತು. ಫೋನ್ ಮಾಡಿದರೆ ವ್ಯಾಪಾರಿ ಹೇಳಿದ್ದು, ನಿಮ್ಮ ಸ್ಕ್ರೂ ಸವೆದಿರಬೇಕು.

ಆತ ನಕಲಿ ಮಾಲು ಕೊಟ್ಟು ಮೋಸ ಮಾಡಿದ ಅಂತಲೇ ಎರಡು ತಿಂಗಳು ಊರೆಲ್ಲ ಹೇಳಿಕೊಂಡು ಓಡಾಡಿದೆ. ಅದು ತಪ್ಪು ಅಂತ ಗೊತ್ತಾಗಿದ್ದು ದಸರಾ ರಜಕ್ಕೆ ಮಗಳು ಮನೆಗೆ ಬಂದಾಗ. ಮೈಸೂರಿನಲ್ಲಿ ಪಾಲಿಮರ್ ಓದುತ್ತಾಳೆ. ನಾನು ಪಿಯುಸಿಯಲ್ಲಿ ಕೆಮಿಸ್ಟ್ರಿಯನ್ನು ಎರಡು ಸಲ ಹೊಡೆಸಿಕೊಂಡವನು, ಹಾಗಾಗಿ ನಮ್ಮ ಮನೆಯಲ್ಲಿ ಈ ವಿಷಯದಲ್ಲಿ ಅವಳ ಮಾತೇ ಕೊನೆ. ಅಷ್ಟು ಹೊತ್ತಿಗೆ ವ್ಯಾಪಾರಿ ಕಡೆಯಿಂದ ಡೇಟಾ ಶೀಟೂ ಬಂದಿತ್ತು, ನಾನು ತೆರೆದು ನೋಡಿರಲಿಲ್ಲ. ಅವಳು ಫೋನ್ ಇಸಿದುಕೊಂಡು ಓದಿ, “ಅಪ್ಪಾ, ಇದು ಮಲೆಯಿಕ್ ಅನ್‌ಹೈಡ್ರೈಡ್ ಗ್ರಾಫ್ಟ್ ಮಾಡಿರೋ ಪಾಲಿಎಥಿಲೀನ್. ಮಾಲು ಸರಿಯಾಗೇ ಐತೆ. ನಿಂಗೆ ಬೇಕಾದ್ದು ಇದಲ್ಲ ಅಷ್ಟೆ” ಅಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಎಚ್‌ಡಿ ಅಂದರೆ ಪಾಲಿಎಥಿಲೀನು, ಪಿಪಿ ಅಂದರೆ ಪಾಲಿಪ್ರೊಪಿಲೀನು. ಎರಡೂ ಕಾರ್ಬನ್ನು, ಹೈಡ್ರೋಜನ್ನು ಅಷ್ಟೇ ಇರುವ ಸರಪಳಿಗಳು, ದಾಯಾದಿಗಳು ಅನ್ನಬಹುದು. ದಾಯಾದಿಗಳ ಹಾಗೇ ಒಂದೇ ಪಾತ್ರೆಯಲ್ಲಿ ಕರಗಿಸಿದರೂ ಕೂಡುವುದಿಲ್ಲ. ಸಣ್ಣ ಕಣ ಆದರೆ ಸುಲಭವಾಗಿ ಒಂದರೊಳಗೊಂದು ಬೆರೆಯುತ್ತದೆ. ಸಾವಿರಾರು ಕೊಂಡಿಯ ಉದ್ದುದ್ದ ಸರಪಳಿಗೆ ಬೆರೆತರೂ ದೊಡ್ಡ ಲಾಭ ಇಲ್ಲ, ಹಾಗಾಗಿ ಚೂರು ಒಗ್ಗದಿದ್ದರೂ ದೂರ ಸರಿಯುತ್ತದೆ. ಬ್ಯಾರಲ್ಲಿನಲ್ಲಿ ಸ್ಕ್ರೂ ಕಡೆಯುವಾಗ ಪಿಪಿ ಹನಿ ಹನಿಯಾಗಿ ಎಚ್‌ಡಿ ಒಳಗೆ ಹರಡುತ್ತದೆ. ಕಡೆಯುವುದು ನಿಂತ ತಕ್ಷಣ, ಮಜ್ಜಿಗೆಯಲ್ಲಿ ಬೆಣ್ಣೆ ಹನಿ ಕೂಡಿಕೊಂಡು ಮುದ್ದೆ ಆಗುವ ಹಾಗೆ, ಆ ಹನಿಗಳೂ ಕೂಡಿ ದೊಡ್ಡವಾಗುತ್ತವೆ. ತಣ್ಣಗಾದ ಮೇಲೆ ಹನಿಗೂ ಅದರ ಸುತ್ತಲಿನ ಎಚ್‌ಡಿಗೂ ನಡುವೆ ಹಿಡಿತ ಇರುವುದಿಲ್ಲ. ಅಚ್ಚಿಗೆ ಜೋರಾಗಿ ನುಗ್ಗಿಸಿದಾಗ ಹನಿಗಳು ಎಳೆದುಕೊಂಡು ಪದರವಾಗುತ್ತವೆ. ಈರುಳ್ಳಿ ಸಿಪ್ಪೆ ಆಗಿದ್ದು ಹೀಗೆ.

ಇನ್ನು ಮೂಲೆಯೇ ಯಾಕೆ ಮೊದಲು ಒಡೆಯಿತು? ಕ್ರೇಟು ಬರೀ ಕಿಂಡಿ. ಕರಗಿದ ಮಾಲು ಪ್ರತಿ ಕಿಂಡಿಯನ್ನೂ ಸುತ್ತಿಕೊಂಡು ಬಂದು ಆ ಕಡೆ ಮತ್ತೆ ಕೂಡಬೇಕು. ಆ ಕೂಡುವ ಗೆರೆಗೆ ವೆಲ್ಡ್ ಲೈನ್ ಅನ್ನುತ್ತೇವೆ. ಶುದ್ಧ ಮಾಲಿಗೂ ಅದೇ ಸೋಲುವ ಜಾಗ, ಬೆರಕೆ ಮಾಲಿಗೆ ಕೇಳಬೇಕೇ. ನನ್ನ ಅಚ್ಚಿನಲ್ಲಿ ಅಂಥ ಎರಡು ಗೆರೆ ಸರಿಯಾಗಿ ಮೂಲೆಯಲ್ಲೇ ಬರುತ್ತವೆ. ಅಚ್ಚು ಮಾಡಿಸುವಾಗ ಇದು ಗೊತ್ತಿದ್ದಿದ್ದರೆ ಗೇಟ್, ಅಂದರೆ ಮಾಲು ಅಚ್ಚಿನೊಳಗೆ ನುಗ್ಗುವ ಬಾಯಿ, ಬೇರೆ ಕಡೆ ಇಡಿಸುತ್ತಿದ್ದೆ. ಅದು ಇನ್ನೊಂದು ಕಥೆ, ಬೇರೆ ಖರ್ಚು.

ದಲ್ಲಾಳಿ ದಾನಾ ಮಾಡಬೇಕಾದ್ದು ಇಷ್ಟು: ಹನಿಯ ಅಂಚಿನಲ್ಲಿ ಕೂತು, ಒಂದು ಕೈ ಆ ಕಡೆ, ಒಂದು ಕೈ ಈ ಕಡೆ ಕೊಡಬೇಕು. ದನದ ಜಾತ್ರೆಯಲ್ಲಿ ದಲ್ಲಾಳಿ ಟವಲ್ ಕೆಳಗೆ ಇಬ್ಬರ ಕೈಯನ್ನೂ ಹಿಡಿದಿರುತ್ತಾನಲ್ಲ, ಹಾಗೆ. ಆಗ ಹನಿ ಸಣ್ಣದಾಗೇ ಉಳಿಯುತ್ತದೆ, ಅಂಚೂ ಗಟ್ಟಿ ಆಗುತ್ತದೆ. ನನ್ನ ಮೊದಲ ಚೀಲದ ದಲ್ಲಾಳಿಗೆ ಬರುತ್ತಿದ್ದದ್ದು ಎರಡು ಭಾಷೆ, ಪಾಲಿಎಥಿಲೀನು ಮತ್ತು ನೈಲಾನು. ಮಲೆಯಿಕ್ ಅನ್‌ಹೈಡ್ರೈಡ್ ಅನ್ನುವ ಕೊಕ್ಕೆ ನೈಲಾನ್ ಸರಪಳಿಯ ತುದಿಯಲ್ಲಿರುವ ಅಮೈನ್ ಅನ್ನುವ ಗುಂಪನ್ನು ಹಿಡಿದು ನಿಜವಾದ ರಾಸಾಯನಿಕ ಗಂಟು ಹಾಕುತ್ತದೆ. ಪಿಪಿಯಲ್ಲಿ ಆ ಕೊಕ್ಕೆಗೆ ಸಿಕ್ಕಿಕೊಳ್ಳಲು ಏನೂ ಇಲ್ಲ. ಅಂದರೆ ನಾನು ಮುಳಬಾಗಿಲಿನಾಚೆಯ ಸಂತೆಗೆ ತೆಲುಗು ಬಾರದ ದಲ್ಲಾಳಿಯನ್ನು ಕಳಿಸಿ, ವ್ಯಾಪಾರ ಕುದುರಲಿಲ್ಲ ಅಂತ ಅವನಿಗೆ ಬೈಯುತ್ತಿದ್ದೆ.

ಅವಳ ಮಾತನ್ನು ಪರೀಕ್ಷೆ ಮಾಡದೆ ನಂಬುವ ಜಾಯಮಾನ ನನ್ನದಲ್ಲ. ಮಾಲೂರು ಕಡೆಯ ಒಂದು ಫಿಲ್ಮ್ ಯೂನಿಟ್ಟಿನಿಂದ ವ್ಯಾಕ್ಯೂಮ್ ಪ್ಯಾಕ್ ಫಿಲ್ಮಿನ ಅಂಚಿನ ಕತ್ತರಿಕೆ 40 ಕೆಜಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ನಡುವೆ ನೈಲಾನ್ ಪದರ, ಎರಡೂ ಕಡೆ ಪಾಲಿಎಥಿಲೀನ್ ಪದರ. ಸುಟ್ಟು ನೋಡಿದರೆ ಮೇಣದಬತ್ತಿ ವಾಸನೆಯ ಜೊತೆಗೆ ಕೂದಲು ಸುಟ್ಟ ವಾಸನೆ ಬರುತ್ತದೆ, ಅದೇ ನೈಲಾನಿನ ಗುರುತು. ಯಾರಿಗೂ ಬೇಡದ ಮಾಲು ಅದು. ಹಿಂದೆ ಒಂದು ಸಲ 190 ಡಿಗ್ರಿಯಲ್ಲಿ ಓಡಿಸಿ, ಕರಗಿದ ಮಾಲು ಸೋಸುವ ಜಾಲರಿ ಕಟ್ಟಿಕೊಳ್ಳುವಂತೆ ಮಾಡಿಕೊಂಡಿದ್ದೆ. ನೈಲಾನ್ 6 ಕರಗುವುದು 220 ಡಿಗ್ರಿಗೆ, ಅಷ್ಟರೊಳಗೆ ಅದು ಬರೀ ಕಲ್ಲು. ಈ ಸಲ ಮಗಳು ಹೇಳಿದ ಹಾಗೆ ಮಾಲನ್ನು 80 ಡಿಗ್ರಿಯಲ್ಲಿ ರಾತ್ರಿಯೆಲ್ಲ ಒಣಗಿಸಿ, ಬ್ಯಾರಲ್ 235ಕ್ಕೆ ಏರಿಸಿ, ಮೊದಲ ಚೀಲದ ದಾನಾ 4 ಕೆಜಿ ಹಾಕಿದೆ. ಡ್ರಿಪ್ ಪೈಪ್ ನೆಲಕ್ಕೆ ಒತ್ತಿ ಹಿಡಿಯುವ ಗೂಟ ಹೊಡೆದೆವು. ಸುತ್ತಿಗೆಯಲ್ಲಿ ಬಡಿದರೆ ಬಾಗಿತೇ ಹೊರತು ಮುರಿಯಲಿಲ್ಲ. ದಾನಾ ಹಾಕದೆ ಹೊಡೆದ ನಾಲ್ಕು ಗೂಟ ಚಟ್ ಚಟ್ ಅಂತ ತುಂಡಾದವು. ಹುಡುಗ ಎರಡನ್ನೂ ಕೈಯಲ್ಲಿ ಹಿಡಿದು ಹೆಂಚಿನ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತ. ನಾನೂ ನಿಂತೆ.

ಇದೇ ಕೊಕ್ಕೆಯ ನಂಟಿನಿಂದ ದೊಡ್ಡ ಕಂಪನಿಗಳು ಯಾವ ಕಾಲದಿಂದಲೋ ದುಡ್ಡು ಮಾಡಿವೆಯಂತೆ. 1970ರ ದಶಕದಲ್ಲೇ ಡ್ಯೂಪಾಂಟ್‌ನವರು ನೈಲಾನಿನೊಳಗೆ ರಬ್ಬರಿನಂಥ ಹನಿಗಳನ್ನು ಹೀಗೆ ಕಟ್ಟಿ, ಸುತ್ತಿಗೆ ಏಟಿಗೂ ಜಗ್ಗದ ನೈಲಾನ್ ಮಾಡಿ ಮಾರಿದರು.  ಯಾವ ದಲ್ಲಾಳಿಯೂ ಇಲ್ಲದೆ ತಾವಾಗೇ ಪೂರ್ತಿ ಬೆರೆಯುವ ಜೋಡಿಗಳೂ ಇವೆ, ಪಿಪಿಒ ಅನ್ನುವ ಪ್ಲಾಸ್ಟಿಕ್ಕು ಮತ್ತು ಪಾಲಿಸ್ಟೈರೀನ್ ಅಂಥದ್ದು, ಜನರಲ್ ಎಲೆಕ್ಟ್ರಿಕ್‌ನವರು ಹಿಂದೆ ತಂದ ನೊರಿಲ್ ಅದೇ. ಆದರೆ ಅಂಥ ಜೋಡಿ ಬಲು ಅಪರೂಪ.

ಮೊದಲ ಚೀಲಕ್ಕೆ ನಾನು ಕೊಡುವ ಅಂಕ: ಮಾಲಿಗೆ ಐದಕ್ಕೆ ನಾಲ್ಕು, ಮಾರಿದ ರೀತಿಗೆ ಸೊನ್ನೆ. ‘ಯಾವ್ದಕ್ ಬೇಕಾದ್ರೂ ಹಾಕಿ’ ಅಂದವನ ಹತ್ತಿರ ಇನ್ನೊಮ್ಮೆ ಹೋಗುವುದಿಲ್ಲ. ಘಾಟು ಇದ್ದೇ ಇರುತ್ತದೆ, ಮಾಲು ಸುರಿಯುವ ಹಾಪರ್ ಹತ್ತಿರ ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಈ ಜಾತಿ ದಾನಾ ಓಡಿಸಬೇಡಿ.

ಎರಡನೇ ಚೀಲ ತರುವ ಮೊದಲು ನನ್ನ ಮಾಲಲ್ಲಿ ಎಚ್‌ಡಿ ಎಷ್ಟು, ಪಿಪಿ ಎಷ್ಟು ಅಂತ ತಿಳಿಯಬೇಕಿತ್ತು. ಅದಕ್ಕೂ ಮಗಳದೇ ಉಪಾಯ. ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ ತಂದು ಗಾಜಿನ ಲೋಟದಲ್ಲಿ ನೀರಿಗೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋದಳು. ಅದರಲ್ಲಿ ಖಾತ್ರಿಯಾಗಿ ಎಚ್‌ಡಿ ಅಂತ ಗೊತ್ತಿದ್ದ ಒಂದು ಚೂರು, ಖಾತ್ರಿಯಾಗಿ ಪಿಪಿ ಅಂತ ಗೊತ್ತಿದ್ದ ಒಂದು ಚೂರು. ಒಂದು ಹದಕ್ಕೆ ಬಂದಾಗ ಎಚ್‌ಡಿ ಮುಳುಗಿತು, ಪಿಪಿ ತೇಲಿಕೊಂಡೇ ಇತ್ತು. ಎಚ್‌ಡಿಯ ಸಾಂದ್ರತೆ 0.94ರಿಂದ 0.965, ಪಿಪಿಯದು 0.90ರಿಂದ 0.91. ನಡುವಿನ 0.92, 0.93ರ ನೀರು ಸಿಕ್ಕಿದರೆ ಎರಡನ್ನೂ ಬೇರೆ ಮಾಡಬಹುದು. ಆಮೇಲೆ ನನ್ನ ಪುಡಿಯನ್ನು ಹಿಡಿ ಹಿಡಿಯಾಗಿ ಹಾಕಿ, ಮುಳುಗಿದ್ದು ತೇಲಿದ್ದು ಒಣಗಿಸಿ ತೂಗಿದೆವು. ಹತ್ತು ಸಲ ಮಾಡಿದ ಸರಾಸರಿ, ನೂರಕ್ಕೆ 30ರ ಹತ್ತಿರ ಪಿಪಿ. ನಾನು ಹತ್ತೋ ಹದಿನೈದೋ ಇರಬಹುದು ಅಂದುಕೊಂಡಿದ್ದೆ. ಮಲ್ಚಿಂಗ್ ಹಾಳೆ ಬೆರೆತಿದ್ದರೆ ಈ ಲೋಟದ ಪರೀಕ್ಷೆ ಕೈಕೊಡುತ್ತದೆ, ಅದು ಎಲ್‌ಎಲ್‌ಡಿ, ಇನ್ನೊಂದು ಬಗೆಯ ಪಾಲಿಎಥಿಲೀನು, ಅದರ ಸಾಂದ್ರತೆ ಸರಿಯಾಗಿ ನಡುವೆ ಬಂದು ಕೂರುತ್ತದೆ. ಹೆಂಡತಿ ಮಾತ್ರ, ಮನೆಯಲ್ಲಿ ಹಬ್ಬದ ದಿನ ಆಸ್ಪತ್ರೆ ವಾಸನೆ ಎಬ್ಬಿಸಿದಿರಿ ಅಂತ ಅಪ್ಪ ಮಗಳಿಬ್ಬರನ್ನೂ ಹಿತ್ತಿಲಿಗೆ ಅಟ್ಟಿದಳು.

ನವೆಂಬರಿನಲ್ಲಿ ಇನ್ನೊಬ್ಬ ವ್ಯಾಪಾರಿಗೆ ಫೋನ್ ಮಾಡಿದೆ. ಬೆಲೆ ಹೇಳುವ ಮೊದಲೇ ಆತ ನಾಲ್ಕು ಪ್ರಶ್ನೆ ಕೇಳಿದ. ಎಚ್‌ಡಿ ಎಷ್ಟು ಪಿಪಿ ಎಷ್ಟು, ಎಂಎಫ್‌ಐ ಎಷ್ಟು, ಏನು ಮಾಡುತ್ತೀರಿ, ಸಿಂಗಲ್ ಸ್ಕ್ರೂನಾ ಟ್ವಿನ್ನಾ. ಎಂಎಫ್‌ಐ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಕರಗಿದ ಮಾಲು ಹತ್ತು ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯುತ್ತದೆ ಅನ್ನುವ ಲೆಕ್ಕ. ಪಾಲಿಎಥಿಲೀನಿಗೆ 190 ಡಿಗ್ರಿ, ಪಿಪಿಗೆ 230 ಡಿಗ್ರಿ, ಎರಡಕ್ಕೂ ಮೇಲಿಂದ 2.16 ಕೆಜಿ ಭಾರ. ಎರಡು ಮಾಲಿನ ಹರಿವು ತೀರಾ ಬೇರೆ ಬೇರೆ ಆಗಿದ್ದರೆ ಯಾವ ದಲ್ಲಾಳಿ ಬಂದರೂ ಹನಿ ಸಣ್ಣದಾಗುವುದಿಲ್ಲ. ಗಟ್ಟಿ ಹನಿಯನ್ನು ನೀರಾದ ಮಾಲು ಸೀಳಲಾರದು. ಇದನ್ನು ಒಬ್ಬ ವ್ಯಾಪಾರಿ ಫೋನಲ್ಲೇ ಹೇಳಿದ್ದು ನನಗೆ ಹಿಡಿಸಿತು. 2 ಕೆಜಿ ಸ್ಯಾಂಪಲ್ ಪುಕ್ಕಟೆ ಕಳಿಸಿದ, ಬಸ್ ಪಾರ್ಸೆಲ್ ಚಾರ್ಜು ಮಾತ್ರ ನಂದು.

ಈ ದಾನಾ ಹಿಡಿದರೆ ರಬ್ಬರಿನ ಹಾಗೆ ಮೆತ್ತಗೆ. ಎಥಿಲೀನ್, ಪ್ರೊಪಿಲೀನ್ ಎರಡೂ ಒಂದೇ ಸರಪಳಿಯಲ್ಲಿರುವ ಇಲಾಸ್ಟೋಮರ್, ಅಂದರೆ ರಬ್ಬರಿನ ಗುಣದ ಮಾಲು. ಈ ವರ್ಗದ ಮಾಲನ್ನು ಎಕ್ಸಾನ್‌ಮೊಬಿಲ್‌ನವರು ವಿಸ್ಟಾಮ್ಯಾಕ್ಸ್ ಅಂತ ಮಾರುತ್ತಾರೆ, ಡೌ ಕಂಪನಿಯ ಎಂಗೇಜ್, ಇನ್‌ಫ್ಯೂಸ್ ಕೂಡ ಹತ್ತಿರದ ನೆಂಟರು, ಅವುಗಳಲ್ಲಿ ಎಥಿಲೀನ್ ಜೊತೆ ಹೆಚ್ಚಾಗಿ ಆಕ್ಟೀನ್ ಇರುತ್ತದೆ. ನಾನು ಬಳಸಿದ್ದು ಯಾವುದು ಅಂತ ಬೇಕಂತಲೇ ಬರೆಯುತ್ತಿಲ್ಲ. ಕೆಜಿಗೆ 260 ಬಿತ್ತು. ಘಾಟಿಲ್ಲ, ಕಣ್ಣುರಿ ಇಲ್ಲ. ಒಂದೇ ತೊಂದರೆ, ಬೇಸಿಗೆಯಲ್ಲಿ ಚೀಲದೊಳಗೆ ಒಂದಕ್ಕೊಂದು ಅಂಟಿಕೊಂಡು ಬೆಲ್ಲದ ಅಚ್ಚಿನ ಹಾಗಾಗುತ್ತದೆ, ಹಾಪರಿಗೆ ಹಾಕುವ ಮೊದಲು ಕೈಯಲ್ಲಿ ಬಿಡಿಸಬೇಕು.

ಆಸೆಬುರುಕತನ ನೋಡಿ, ಮೊದಲ ಬ್ಯಾಚಿಗೇ ನೂರಕ್ಕೆ ಹತ್ತು ಹಾಕಿದೆ. ಹತ್ತು ಕ್ರೇಟ್ ಎತ್ತಿ ಹಾಕಿದೆ, ಒಂದೂ ಒಡೆಯಲಿಲ್ಲ. ಸಂತೋಷಕ್ಕೆ ಹುಡುಗನಿಗೆ ಬಿರಿಯಾನಿ ಕೊಡಿಸಿದೆ. ಅವತ್ತು ಸಂಜೆ ಅದೇ ಕ್ರೇಟುಗಳಿಗೆ ಮರಳು ತುಂಬಿ ಎಂಟು ಅಂತಸ್ತು ಪೇರಿಸಿ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಕೆಳಗಿನ ಕ್ರೇಟಿನ ಹೊಟ್ಟೆ ಬಸುರಿಯ ಹಾಗೆ ಉಬ್ಬಿತ್ತು. ಅದರ ತಲೆ ಮೇಲೆ ಏಳು ಬಾಕ್ಸು, ನೂರಕ್ಕೂ ಹೆಚ್ಚು ಕೆಜಿ. ರಬ್ಬರಿನಂಥ ವಸ್ತು ಹಾಕಿದರೆ ಏಟು ತಡೆಯುವ ಗುಣ ಬರುತ್ತದೆ, ಬಿಗಿ ಹೋಗುತ್ತದೆ. ಮಂಡಿಯಲ್ಲಿ ಇಂಥ ಕ್ರೇಟು ಪೇರಿಸಿದರೆ ಕೆಳಗಿನ ಟೊಮೆಟೊ ನೇರ ಸಾಸ್ ಫ್ಯಾಕ್ಟರಿಗೆ.

ಆಮೇಲೆ 7, 5, 3 ಅಂತ ಇಳಿಸಿಕೊಂಡು ಬಂದೆ. 3ಕ್ಕೆ ಹತ್ತರಲ್ಲಿ ನಾಲ್ಕು ಒಡೆದವು. 5ಕ್ಕೆ ಒಂದು ಒಡೆಯಿತು, ಹೊಟ್ಟೆಯೂ ಉಬ್ಬಲಿಲ್ಲ. ಅಲ್ಲಿಗೇ ನಿಲ್ಲಿಸಿದೆ. ಮಗಳು 0 ಮತ್ತು 5ರ ಸ್ಯಾಂಪಲ್ ಒಯ್ದು ಎಳೆತದ ಪರೀಕ್ಷೆ ಮಾಡಿಸಿ ಫಲಿತಾಂಶ ಕಳಿಸಿದಳು. ಎಳೆದಾಗ ತಡೆಯುವ ಬಲ 22 ಮೆಗಾಪಾಸ್ಕಲ್‌ನಿಂದ 20ಕ್ಕೆ ಇಳಿದಿತ್ತು, ಅಂದರೆ ದೊಡ್ಡ ವ್ಯತ್ಯಾಸ ಇಲ್ಲ. ತುಂಡಾಗುವ ಮುಂಚೆ ಹಿಗ್ಗಿದ್ದು ಮಾತ್ರ ನೂರಕ್ಕೆ 9ರಿಂದ 60ಕ್ಕೆ ಏರಿತ್ತು. ಬೆರಕೆ ಮಾಲು ಸರಿಹೋಯಿತೋ ಇಲ್ಲವೋ ಅಂತ ಹೇಳುವುದು ಈ ಎರಡನೇ ಅಂಕಿ. ಯಾರಾದರೂ ವ್ಯಾಪಾರಿ ಬರೀ ಬಲದ ಅಂಕಿ ತೋರಿಸಿ ದಾನಾ ಮಾರಲು ಬಂದರೆ, ಹಿಗ್ಗಿದ್ದೆಷ್ಟು, ಐಜಾಡ್ ಎಷ್ಟು ಅಂತ ಕೇಳಿ. ಐಜಾಡ್ ಅಂದರೆ ಕಚ್ಚು ಹಾಕಿದ ಪಟ್ಟಿಗೆ ಲೋಲಕದ ಸುತ್ತಿಗೆಯಿಂದ ಹೊಡೆದು ನೋಡುವ ಪರೀಕ್ಷೆ.

ನೂರಕ್ಕೆ 5 ಅಂದರೆ ಕಡಿಮೆಯೇನಲ್ಲ. ನನ್ನ ಕ್ರೇಟು 1.7 ಕೆಜಿ, ಒಂದಕ್ಕೆ 85 ಗ್ರಾಂ ದಲ್ಲಾಳಿ ಬೇಕು. 260ರ ಲೆಕ್ಕಕ್ಕೆ 22 ರೂಪಾಯಿ. ಅಷ್ಟು ತೂಕದ ರೀಪ್ರೊಸೆಸ್ ಮಾಲು ಉಳಿಯುತ್ತದಲ್ಲ, ಅದನ್ನು ಕಳೆದರೂ 17 ರೂಪಾಯಿ ಮೈಮೇಲೆ. ದಲ್ಲಾಳಿ ಕಮಿಷನ್ ಅಂದುಕೊಂಡು ಸುಮ್ಮನಿದ್ದೇನೆ. 140ಕ್ಕೆ ಮಾರುತ್ತಿದ್ದ ಕ್ರೇಟನ್ನು ಈಗ 160ಕ್ಕೆ ಮಾರುತ್ತೇನೆ, ವರ್ಜಿನ್, ಅಂದರೆ ಹೊಸ ಪ್ಲಾಸ್ಟಿಕ್ಕಿನ ಕ್ರೇಟಿಗಿಂತ ಇನ್ನೂ ಎಷ್ಟೋ ಕಡಿಮೆ. ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಆ 20 ರೂಪಾಯಿಯ ಅರ್ಥ ಆಗುವುದಿಲ್ಲ. ಅವರಿಗೋಸ್ಕರ ಶೆಡ್ಡಿನ ಬಾಗಿಲಲ್ಲಿ ಒಂದು ಹಳೇ ಕ್ರೇಟು, ಒಂದು ಹೊಸ ಕ್ರೇಟು ಇಟ್ಟಿದ್ದೇನೆ. ಎತ್ತಿ ಹಾಕಿ ನೋಡಿ ಅನ್ನುತ್ತೇನೆ. ಹಳೇದನ್ನು ದಿನಕ್ಕೊಂದು ಹೊಸದಾಗಿ ಇಡಬೇಕಾಗುತ್ತದೆ.

1 ಪರ್ಸೆಂಟಿಗೇ ಕೆಲಸ ಮುಗಿಸುವ ದಲ್ಲಾಳಿಯೂ ಇದೆಯಂತೆ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯದವರು, ಪಾಲಿಎಥಿಲೀನ್ ಒಂದು ತುಂಡು, ಪಿಪಿ ಒಂದು ತುಂಡು, ಮತ್ತೆ ಅದು, ಮತ್ತೆ ಇದು ಅಂತ ನಾಲ್ಕು ತುಂಡು ಪೋಣಿಸಿದ ಸರಪಳಿ ಮಾಡಿ ತೋರಿಸಿದ್ದಾರೆ. ಜೆಫ್ರಿ ಕೋಟ್ಸ್, ಫ್ರಾಂಕ್ ಬೇಟ್ಸ್ ಅನ್ನುವವರು ಅದರ ಹಿಂದಿದ್ದರು, ಸೈನ್ಸ್ ಪತ್ರಿಕೆಯಲ್ಲಿ ಬಂತು ಅಂತ ಮಗಳು ಓದಿ ಹೇಳಿದಳು. ಅದರ ಒಂದೊಂದು ತುಂಡೂ ತನ್ನ ಕಡೆಯವರ ಜೊತೆ ಸೇರಿ ಹರಳುಗಟ್ಟುತ್ತದಂತೆ, ಅದಕ್ಕೇ ಅಷ್ಟು ಹಿಡಿತ. “ಪೀಣ್ಯಾದಲ್ಲಿ ಸಿಗ್ತದೇನಮ್ಮಾ?” ಅಂದೆ. ಅವಳು ನಕ್ಕಳು.

ಎರಡನೇ ಚೀಲಕ್ಕೆ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಯಾಕೆ ಅಂತ ಹೇಳಬೇಕು. ಫೆಬ್ರವರಿಯಲ್ಲಿ ಒಬ್ಬರು ತೋಟದಿಂದ ಬಿಚ್ಚಿದ ಸುತ್ಲಿ ಎರಡು ಟನ್ ತಂದು ಸುರಿದರು, ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡೆ. ಇಡೀ ಬೆಳೆಯ ಕಾಲ ಬಿಸಿಲಲ್ಲಿ ಬೆಂದ ಸುತ್ಲಿ, ಕೈಯಲ್ಲಿ ಉಜ್ಜಿದರೆ ಪುಡಿ. ಅದರ ಬ್ಯಾಚಿಗೆ 5 ಹಾಕಿದೆ, 7 ಹಾಕಿದೆ, ಉಪಯೋಗ ಆಗಲಿಲ್ಲ. ಬಿಸಿಲಿಗೆ ಪಿಪಿಯ ಸರಪಳಿಯೇ ತುಂಡು ತುಂಡಾಗಿರುತ್ತದೆ, ಕರಗಿಸಿದರೆ ನೀರಿನಂತೆ ಹರಿಯುತ್ತದೆ. ದಲ್ಲಾಳಿ ಕೈ ಚಾಚಿದರೆ ಆ ಕಡೆ ಹಿಡಿಯಲು ಕೈಯೇ ಇಲ್ಲ. ಎಚ್‌ಡಿಯ ಕಥೆ ಉಲ್ಟಾ, ಅದು ಹೆಚ್ಚಾಗಿ ಒಂದಕ್ಕೊಂದು ಗಂಟು ಹಾಕಿಕೊಂಡು ಗಟ್ಟಿಯಾಗಿ, ದಾನಾ ಎಳೆಯುವಾಗ ಜಾಲರಿಯಲ್ಲಿ ಕಾಳು ಕಾಳಾಗಿ ಸಿಕ್ಕಿಕೊಳ್ಳುತ್ತದೆ. ಈ ವಿಷಯ ವ್ಯಾಪಾರಿ ಮೊದಲೇ ಹೇಳಬಹುದಿತ್ತು. ಅಷ್ಟೆಲ್ಲ ಪ್ರಶ್ನೆ ಕೇಳಿದವನು, ಮಾಲು ಎಷ್ಟು ಹಳೇದು ಅಂತ ಒಂದು ಮಾತು ಕೇಳಲಿಲ್ಲ. ಆ ಸುತ್ಲಿ ಇನ್ನೂ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಇದೆ.

ಮಿಷನ್ ವಿಷಯಕ್ಕೂ ಒಂದು ಮಾತು. ಸಿಂಗಲ್ ಸ್ಕ್ರೂ ಮಾಲನ್ನು ಮುಂದಕ್ಕೆ ತಳ್ಳುತ್ತದೆ, ಕಲೆಸುವುದು ಅಷ್ಟಕ್ಕಷ್ಟೆ. ಒಂದೇ ಪಾಸ್‌ನಲ್ಲಿ ದಾನಾ ಎಳೆದು ಹೊಡೆದ ಕ್ರೇಟಲ್ಲಿ ಅಲ್ಲಲ್ಲಿ ಬಿಳಿ ಗೆರೆ ಕಂಡವು. ನಾನು ಎರಡು ಪಾಸ್ ಕೊಡುತ್ತೇನೆ, ಕರೆಂಟ್ ಬಿಲ್ಲು ಏರುತ್ತದೆ, ಎರಡನೇ ಸಲದ ಬಿಸಿಗೆ ಮಾಲು ಕೆಡದಿರಲಿ ಅಂತ ಆ್ಯಂಟಿಆಕ್ಸಿಡೆಂಟ್ ಚೂರು ಹಾಕಬೇಕು. ಟ್ವಿನ್ ಸ್ಕ್ರೂ ಇದ್ದವರ ಹತ್ತಿರ ಜಾಬ್ ವರ್ಕ್ ಕೊಡೋಣ ಅಂತ ಬೆಂಗಳೂರಲ್ಲಿ ವಿಚಾರಿಸಿದೆ. ಒಂದು ಟನ್ನಿಗಿಂತ ಕಡಿಮೆ ಯಾರೂ ಮುಟ್ಟುವುದಿಲ್ಲ, ಹೋಗಿಬರುವ ಲಾರಿ ಬಾಡಿಗೆ ಬೇರೆ. ಕೋಲಾರದಲ್ಲಿ ಯಾರಾದರೂ ಸಣ್ಣ ಟ್ವಿನ್ ಸ್ಕ್ರೂ ಹಾಕಿಕೊಂಡು ಕೂತರೆ ಮೊದಲ ಗಿರಾಕಿ ನಾನೇ.

ಏಪ್ರಿಲ್‌ನಲ್ಲಿ ಅದೇ ಮಂಡಿ ಸಾಹುಕಾರರಿಗೆ 100 ಕ್ರೇಟ್ ಕೊಟ್ಟೆ, ದುಡ್ಡು ಕೇಳದೆ. ಮೊನ್ನೆ ಹೋಗಿ ಎಣಿಸಿದೆ. ಮೂರು ಕಾಣಲಿಲ್ಲ, ಯಾರೋ ಎತ್ತಿಕೊಂಡು ಹೋಗಿರಬೇಕು. ಎರಡರ ಹಿಡಿ ಒಡೆದಿತ್ತು. ಮೂಲೆ ಬಿಟ್ಟಿದ್ದು ಒಂದು. ಸಾಹುಕಾರರು ಹೋದ ವರ್ಷದ ಬಾಕಿಯಲ್ಲಿ ಅರ್ಧ ಕೊಟ್ಟರು, ಇನ್ನರ್ಧ ದೀಪಾವಳಿಗೆ ಅಂದರು.

ಮೊದಲ ಚೀಲದಲ್ಲಿ ಇನ್ನೂ 9 ಕೆಜಿ ಉಳಿದಿದೆ. ನೈಲಾನ್ ಬೆರೆತ ಫಿಲ್ಮಿನ ಕತ್ತರಿಕೆ ಇಟ್ಟುಕೊಂಡು ಏನು ಮಾಡುವುದು ಅಂತ ಕೂತವರು ಯಾರಾದರೂ ಇದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ, ಬಂದು ತೆಗೆದುಕೊಂಡು ಹೋಗಿ. ತೇವ ತಾಗಿದರೆ ಅದರ ಕೊಕ್ಕೆ ಮೊಂಡಾಗುತ್ತದೆ ಅಂತ ಚೀಲದ ಬಾಯಿ ಬಿಗಿಯಾಗಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ.